ಮಗುವಿನ ಪ್ರಕರಣದ ಬಗ್ಗೆ ಶಾಲೆಗೆ ಎಷ್ಟು ಗೊತ್ತಿರಬೇಕು?

ರಕ್ಷಣೆಗೊಳಗಾದ ಮಗುವೊಂದನ್ನು ಹೊಸ ಶಾಲೆಗೆ ಸೇರಿಸಲು ಹೋದಾಗ ಮುಖ್ಯ ಶಿಕ್ಷಕರ ಕೊಠಡಿಯಲ್ಲಿ ಎದುರಾಗುವ ಮೊದಲ ಪ್ರಶ್ನೆ ಬಹುಮಟ್ಟಿಗೆ ಒಂದೇ ಆಗಿರುತ್ತದೆ: 'ಏನಾಗಿತ್ತು ಮೇಡಂ ಈ ಮಗುವಿಗೆ?' ಕೇಳುವವರಲ್ಲಿ ಕೆಟ್ಟ ಕುತೂಹಲ ಇರುವುದು ಅಪರೂಪ. ತಮ್ಮ ಶಾಲೆಗೆ ಬರುತ್ತಿರುವ ಮಗುವನ್ನು ಹೇಗೆ ನಡೆಸಿಕೊಳ್ಳಬೇಕೆಂದು ತಿಳಿಯುವ ಆಸೆಯಿಂದಲೇ ಹೆಚ್ಚಿನವರು ಕೇಳುತ್ತಾರೆ. ಆದರೆ ಅದೇ ಹೊತ್ತಿನಲ್ಲಿ ಮಗು ಪಕ್ಕದ ಬೆಂಚಿನ ಮೇಲೆ ಕುಳಿತಿರುತ್ತದೆ, ದಾಖಲಾತಿ ಬರೆಯುವ ಗುಮಾಸ್ತರು ಎದುರಿಗಿರುತ್ತಾರೆ, ಚಹಾ ತಂದ ಆಯಾ ಬಾಗಿಲ ಬಳಿ ನಿಂತಿರುತ್ತಾರೆ. ಅಲ್ಲಿ ಕೊಟ್ಟ ಉತ್ತರ ಮಧ್ಯಾಹ್ನದ ಬಿಸಿಯೂಟದ ಹೊತ್ತಿಗೆ ಶಾಲೆಯ ಅರ್ಧದಷ್ಟು ಜನರಿಗೆ ತಲುಪಿರುತ್ತದೆ. ಮುಂದಿನ ತಿಂಗಳು ಮಗು ಯಾವ ದಿನ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರಾಗಬೇಕು, ಯಾರ ಹೆಸರಿನ ವ್ಯಕ್ತಿ ಬಂದರೆ ಅವರೊಡನೆ ಕಳುಹಿಸಬಾರದು, ರಾತ್ರಿ ಎಂಟಕ್ಕೆ ತುರ್ತು ಬಿದ್ದರೆ ಯಾರಿಗೆ ಫೋನ್ ಮಾಡಬೇಕು ಎಂಬಂಥ ವಿಷಯಗಳು ಮಾತ್ರ ತರಗತಿಯ ಶಿಕ್ಷಕಿಗೆ ಗೊತ್ತೇ ಇರುವುದಿಲ್ಲ. ಮಗುವಿನ ಹಿಂದಿನ ಬದುಕಿನ ಬಗ್ಗೆ ಶಾಲೆಗೆ ಬೇಕಾದದ್ದು ತೀರ ಕಡಿಮೆ, ಮುಂದಿನ ಕೆಲವು ವಾರಗಳ ಬಗ್ಗೆ ಬೇಕಾದದ್ದು ಬಹಳ ಎಂಬುದು ನನ್ನ ಖಚಿತ ಅಭಿಪ್ರಾಯ. ನಮ್ಮಲ್ಲಿ ನಡೆಯುತ್ತಿರುವುದು ಇದಕ್ಕೆ ತಿರುಗುಮುರುಗಾಗಿದೆ.

ನಾನು ಬೆಂಗಳೂರಿನ ಒಂದು ಮಕ್ಕಳ ಸಂಸ್ಥೆಯಲ್ಲಿ ಸಮಾಜ ಕಾರ್ಯಕರ್ತೆ. ನಮ್ಮ ಮಕ್ಕಳೆಂದರೆ ಬಾಲಮಂದಿರದಲ್ಲಿರುವ ಅನಾಥ ಮಕ್ಕಳು ಎಂದೇ ಬಹಳಷ್ಟು ಶಿಕ್ಷಕರು ತಿಳಿದಿದ್ದಾರೆ. ಅನಾಥರು ಅವರಲ್ಲಿ ಕೆಲವರು ಮಾತ್ರ. ಮೆಜೆಸ್ಟಿಕ್ಕಿನ ರೈಲು ನಿಲ್ದಾಣದಲ್ಲಿ ಒಂಟಿಯಾಗಿ ಸಿಕ್ಕ ಹುಡುಗ, ಗ್ಯಾರೇಜಿನಿಂದಲೋ ಮನೆಗೆಲಸದಿಂದಲೋ ಬಿಡಿಸಿ ತಂದ ಮಗು, ಹದಿನೈದಕ್ಕೆ ಮದುವೆ ನಿಶ್ಚಯವಾಗಿ ತಪ್ಪಿಸಿಕೊಂಡು ಬಂದ ಹುಡುಗಿ, ತಂದೆ ಪರಪ್ಪನ ಅಗ್ರಹಾರದ ಜೈಲಿನಲ್ಲಿರುವುದರಿಂದ ಅಜ್ಜಿಯ ಬಳಿ ಬೆಳೆಯುತ್ತಿರುವವಳು, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೊ ಕಾಯ್ದೆಯ ಪ್ರಕರಣದಲ್ಲಿ ಇನ್ನೂ ಸಾಕ್ಷಿ ಹೇಳಬೇಕಾಗಿರುವವಳು ಎಲ್ಲರೂ ಇದರಲ್ಲಿ ಸೇರುತ್ತಾರೆ. ಅನೇಕರು ತಮ್ಮ ಸ್ವಂತ ಮನೆಯಲ್ಲೇ ಇರುತ್ತಾರೆ. ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದ ಕುಟುಂಬಗಳ ತಗಡಿನ ಶೆಡ್ಡುಗಳಲ್ಲಿ ಇರುತ್ತಾರೆ. ಕೊನೆಯ ಬೆಂಚಿನಲ್ಲಿ ಕುಳಿತ ಹುಡುಗನ ಹೆಸರಿನಲ್ಲಿ ಎಲ್ಲೋ ಒಂದು ಕಡತ ತೆರೆದಿದೆ ಎಂಬುದು ಹೊರನೋಟಕ್ಕೆ ತಿಳಿಯುವುದೇ ಇಲ್ಲ.

ಈ ಕಡತ ಹೇಗೆ ಚಲಿಸುತ್ತದೆ ಎಂಬುದನ್ನು ಶಿಕ್ಷಕರು ಸ್ವಲ್ಪವಾದರೂ ಅರಿತಿರುವುದು ಒಳ್ಳೆಯದು. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ, ಪಾಲನೆ ಮತ್ತು ರಕ್ಷಣೆ ಬೇಕಾದ ಮಗು ಸಿಕ್ಕ 24 ಗಂಟೆಗಳೊಳಗೆ ಅದನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಒಬ್ಬ ಅಧ್ಯಕ್ಷರು ಮತ್ತು ನಾಲ್ವರು ಸದಸ್ಯರಿರುವ ಈ ಸಮಿತಿಯನ್ನು ನಾವೆಲ್ಲ ಸಿಡಬ್ಲ್ಯುಸಿ ಎಂದೇ ಕರೆಯುತ್ತೇವೆ. ಸಮಾಜ ಕಾರ್ಯಕರ್ತರು 15 ದಿನಗಳಲ್ಲಿ ಮನೆ, ನೆರೆಹೊರೆ, ಶಾಲೆ ಎಲ್ಲವನ್ನೂ ವಿಚಾರಿಸಿ ಸಾಮಾಜಿಕ ತನಿಖಾ ವರದಿ ಸಲ್ಲಿಸಬೇಕು, ಮಗು ಮೊದಲ ಬಾರಿ ಹಾಜರಾದ ದಿನದಿಂದ ನಾಲ್ಕು ತಿಂಗಳೊಳಗೆ ಸಮಿತಿ ಅಂತಿಮ ಆದೇಶ ಹೊರಡಿಸುವಂತಾಗಬೇಕು. ಕಚೇರಿಯ ಲೆಕ್ಕದಲ್ಲಿ ನಾಲ್ಕು ತಿಂಗಳು ದೊಡ್ಡ ಅವಧಿಯೇನಲ್ಲ. ಶಾಲೆಯ ಲೆಕ್ಕದಲ್ಲಿ ಅದು ಜೂನ್‌ನಿಂದ ದಸರಾ ರಜೆಯವರೆಗಿನ ಇಡೀ ಅರ್ಧ ವರ್ಷ. 'ಆದೇಶ ಬರಲಿ, ಆಮೇಲೆ ಶಾಲೆಗೆ ಹಾಕೋಣ' ಎಂದು ಹೋಮಿನವರು, ಅಂದರೆ ಬಾಲಮಂದಿರದವರು, ಕಾಯುತ್ತಾರೆ, 'ಇಲ್ಲೇ ಇರುತ್ತಾನೋ ಇಲ್ಲವೋ ಗೊತ್ತಿಲ್ಲದೆ ಹೇಗೆ ಸೇರಿಸಿಕೊಳ್ಳುವುದು' ಎಂದು ಶಾಲೆಯವರು ಹಿಂಜರಿಯುತ್ತಾರೆ, ಅಷ್ಟರಲ್ಲಿ ಮಗು ಎರಡು ರೂಪಣಾತ್ಮಕ ಪರೀಕ್ಷೆಗಳನ್ನು ಕಳೆದುಕೊಂಡಿರುತ್ತದೆ. ಎರಡೇ ತಿಂಗಳು ಇದ್ದು ಹೋಗುವ ಮಗುವಿಗೂ ಆ ಎರಡು ತಿಂಗಳ ಶಾಲೆ ಬೇಕು, ಬೇರೆ ಮಕ್ಕಳಿಗಿಂತ ತುಸು ಹೆಚ್ಚಾಗಿಯೇ ಬೇಕು.

ದಾಖಲಾತಿಯ ವಿಷಯದಲ್ಲಿ ಕಾನೂನು ಮಗುವಿನ ಪರವಾಗಿ ಸ್ಪಷ್ಟವಾಗಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲೆ ಬಿಟ್ಟ ಮಗುವನ್ನೂ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕೆನ್ನುತ್ತದೆ, ಉಳಿದವರ ಮಟ್ಟಕ್ಕೆ ಬರಲು ವಿಶೇಷ ತರಬೇತಿ ಕೊಡಬೇಕೆನ್ನುತ್ತದೆ. ವಯಸ್ಸಿನ ದಾಖಲೆ ಇಲ್ಲವೆಂದಾಗಲಿ, ವರ್ಷದ ನಡುವೆ ಬಂದಿತೆಂದಾಗಲಿ ಮಗುವನ್ನು ಹಿಂದಕ್ಕೆ ಕಳುಹಿಸುವಂತಿಲ್ಲ. ಟಿ.ಸಿ. ಬರುವುದು ತಡವಾಯಿತೆಂಬುದು ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಪ್ರವೇಶ ತಡೆಯಲು ಕಾರಣವಾಗುವುದಿಲ್ಲ. ಇಷ್ಟೆಲ್ಲ ಇದ್ದರೂ ವಾಸ್ತವದಲ್ಲಿ ಮಗು ಸಿಕ್ಕಿಕೊಳ್ಳುವುದು ಕಂಪ್ಯೂಟರಿನಲ್ಲಿ. ಹಳೆಯ ಶಾಲೆ ವಿದ್ಯಾರ್ಥಿಗಳ ದಾಖಲೆ ಇಡುವ ಸ್ಯಾಟ್ಸ್ ತಂತ್ರಾಂಶದಲ್ಲಿ ಮಗುವನ್ನು ಬಿಡುಗಡೆ ಮಾಡದಿದ್ದರೆ ಹೊಸ ಶಾಲೆಯವರಿಗೆ ಹೆಸರು ಸೇರಿಸಲಾಗುವುದಿಲ್ಲ. ಹಳೆಯ ಶಾಲೆ ಇರುವುದು ಸುರಪುರದ ಹತ್ತಿರದ ಹಳ್ಳಿಯಲ್ಲಿ, ಅಲ್ಲಿನ ಮುಖ್ಯ ಶಿಕ್ಷಕರಿಗೆ ಮಗುವಿನ ತಂದೆಯೇ ಬಂದು ಸಹಿ ಹಾಕಬೇಕೆಂಬ ಹಟ, ಆ ತಂದೆಯಿಂದಲೇ ಮಗುವನ್ನು ದೂರವಿಡಲಾಗಿದೆ. ಇಂಥ ಸಂದರ್ಭದಲ್ಲಿ ಬೆಂಗಳೂರಿನ ಶಾಲೆಯ ಮುಖ್ಯ ಶಿಕ್ಷಕಿ ತಾವೇ ಫೋನ್ ಎತ್ತಿ, ಒಬ್ಬ ಮುಖ್ಯ ಶಿಕ್ಷಕರಾಗಿ ಇನ್ನೊಬ್ಬ ಮುಖ್ಯ ಶಿಕ್ಷಕರೊಡನೆ ಮಾತನಾಡಿದರೆ, ನಾನು ತಿಂಗಳುಗಟ್ಟಲೆ ಪತ್ರ ಬರೆದರೂ ಆಗದ ಕೆಲಸ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ. ಇದು ನಾನು ಮತ್ತೆ ಮತ್ತೆ ಕಂಡಿರುವ ಸತ್ಯ. ಹೆಸರು ತಂತ್ರಾಂಶಕ್ಕೆ ಏರುವವರೆಗೂ ಮಗು ತರಗತಿಯಲ್ಲಿ ಕುಳಿತು ಪಾಠ ಕೇಳಲು ಯಾರ ಅಡ್ಡಿಯೂ ಇರಬೇಕಾಗಿಲ್ಲ. ಪುಸ್ತಕ, ಸಮವಸ್ತ್ರಗಳ ಲೆಕ್ಕ ಹೊಂದಿಸುವುದು ಆಮೇಲೆ ಆಗುತ್ತದೆ.

ಸೇರಿದ ಮೇಲಿನ ಕಷ್ಟ ತರಗತಿಯಿಂದ ತರಗತಿಗೆ ಬೇರೆಯಾಗಿರುತ್ತದೆ. ಒಂದರಿಂದ ಮೂರನೆಯ ತರಗತಿಯವರೆಗಿನ ಮಕ್ಕಳ ವಿಷಯದಲ್ಲಿ ನಮ್ಮ ಸರ್ಕಾರಿ ಶಾಲೆಗಳಿಗೆ ಅಷ್ಟಾಗಿ ಯಾರೂ ಗುರುತಿಸದ ಒಂದು ಅನುಕೂಲವಿದೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಆರಂಭವಾದ ನಲಿ-ಕಲಿ ಪದ್ಧತಿಯಲ್ಲಿ ಪ್ರತಿ ಮಗುವೂ ತನ್ನದೇ ಮೆಟ್ಟಿಲಿನಲ್ಲಿ ನಿಂತು ಕಾರ್ಡುಗಳ ಮೂಲಕ ಕಲಿಯುತ್ತದೆ, ಎಷ್ಟು ದಿನ ತಪ್ಪಿಸಿಕೊಂಡರೂ ಬಿಟ್ಟ ಕಡೆಯಿಂದಲೇ ಮುಂದುವರಿಯುತ್ತದೆ, ಬೇರೆ ಬೇರೆ ವಯಸ್ಸಿನವರು ಒಟ್ಟಿಗೆ ಕುಳಿತಿರುವುದರಿಂದ ಹಿಂದುಳಿದವನೆಂಬ ಬೋರ್ಡು ಯಾರ ಕೊರಳಿಗೂ ಬೀಳುವುದಿಲ್ಲ. ಊರೂರು ಅಲೆದ ಮಗುವಿಗೆ ಇದಕ್ಕಿಂತ ಹೊಂದುವ ತರಗತಿಯನ್ನು ನಾನು ಕಂಡಿಲ್ಲ. ತೊಂದರೆ ಆರಂಭವಾಗುವುದು ನಾಲ್ಕರಿಂದ. ಎಂಟನೆಯ ತರಗತಿ ದಾಟಿದ ಮೇಲಂತೂ ನೆಲವೇ ಜಾರುತ್ತದೆ, ಏಕೆಂದರೆ ಶಿಕ್ಷಣ ಹಕ್ಕು ಕಾಯ್ದೆಯ ಆಸರೆ ಇರುವುದು 14 ವರ್ಷದವರೆಗೆ, ಬಾಲನ್ಯಾಯ ಕಾಯ್ದೆ ಮಗುವೆಂದು ಕರೆಯುವುದು 18 ವರ್ಷದವರೆಗೆ. ನಡುವಿನ ನಾಲ್ಕು ವರ್ಷ ನಮ್ಮ ಮಕ್ಕಳು ಶಾಲೆಯ ಔದಾರ್ಯದ ಮೇಲೆ ಓದುತ್ತಾರೆ. ಒಂಬತ್ತನೆಯ ತರಗತಿಗೆ ನವೆಂಬರಿನಲ್ಲಿ ಬಂದ ಹುಡುಗನನ್ನು ಸೇರಿಸಿಕೊಂಡರೆ ಮುಂದಿನ ವರ್ಷದ ಎಸ್ಸೆಸ್ಸೆಲ್ಸಿ ಫಲಿತಾಂಶ ಕೆಡುತ್ತದೆಂದು ಬಹಿರಂಗವಾಗಿಯೇ ಹೇಳುವ ಶಾಲೆಗಳಿವೆ. ಫಲಿತಾಂಶದ ಶೇಕಡಾವಾರಿಗಾಗಿ ಶಾಲೆಗಳ ಮೇಲೆ ಇಲಾಖೆ ಹೇರುವ ಒತ್ತಡ ನನಗೆ ಅರ್ಥವಾಗದೆ ಇಲ್ಲ. ಆದರೂ ಆ ಒತ್ತಡದ ಬೆಲೆಯನ್ನು ತೆರುವವನು ಆ ಹುಡುಗ.

ಶಾಲೆಗೆ ತಿಳಿಸಬೇಕಾದದ್ದು ಏನು ಎಂಬ ಪ್ರಶ್ನೆಗೆ ನಾನು ಈಗ ಒಂದು ಪುಟದ ಹಾಳೆಯಲ್ಲಿ ಉತ್ತರ ಕೊಡುತ್ತೇನೆ. ಅದರಲ್ಲಿ ಮಗುವಿನ ಹಿನ್ನೆಲೆಯ ಒಂದು ಸಾಲೂ ಇರುವುದಿಲ್ಲ. ಮಗುವನ್ನು ಕರೆದೊಯ್ಯಲು ಅಧಿಕಾರವಿರುವವರ ಹೆಸರು, ಯಾವ ಕಾರಣಕ್ಕೂ ಕರೆದೊಯ್ಯಬಾರದವರ ಹೆಸರು, ಪ್ರಗತಿ ಪತ್ರಕ್ಕೂ ಪ್ರವಾಸದ ಒಪ್ಪಿಗೆಗೂ ಸಹಿ ಹಾಕುವವರು ಯಾರು ಎಂಬುದು, ನನ್ನದೂ ನನ್ನ ಮೇಲಿನವರದೂ ಫೋನ್ ಸಂಖ್ಯೆ, ಸಮಿತಿಯ ಅಥವಾ ನ್ಯಾಯಾಲಯದ ಮುಂದಿನ ದಿನಾಂಕ, ತೆಗೆದುಕೊಳ್ಳುತ್ತಿರುವ ಮಾತ್ರೆ ಇದ್ದರೆ ಅದರ ವಿವರ, ಮಗುವಿಗೆ ಯಾವ ಸಂದರ್ಭ ಕಷ್ಟವಾಗುತ್ತದೆ ಎಂಬ ಎರಡು ವಾಕ್ಯ ಇಷ್ಟೇ ಇರುತ್ತದೆ. 'ಹಿಂದಿನಿಂದ ಬಂದು ಹೆಗಲು ಮುಟ್ಟಿದರೆ ಬೆಚ್ಚುತ್ತಾಳೆ' ಎಂದು ಬರೆದರೆ ಶಿಕ್ಷಕಿಗೆ ಮಾಡಬೇಕಾದದ್ದು ತಿಳಿಯಿತು. ಏಕೆ ಬೆಚ್ಚುತ್ತಾಳೆಂಬುದು ತಿಳಿಯದಿದ್ದರೆ ಪಾಠಕ್ಕೆ ಯಾವ ನಷ್ಟವೂ ಇಲ್ಲ. ಆ ಎರಡು ವಾಕ್ಯಗಳನ್ನು ಸಾಧ್ಯವಾದಾಗಲೆಲ್ಲ ಮಗುವನ್ನೇ ಕೇಳಿ ಬರೆಯುತ್ತೇನೆ. ಹನ್ನೆರಡು ವರ್ಷದ ಮಕ್ಕಳು ಇದನ್ನು ದೊಡ್ಡವರಿಗಿಂತ ನಿಖರವಾಗಿ ಹೇಳುತ್ತಾರೆ.

ಈ ಹಾಳೆ ಯಾರ ಕೈಯಲ್ಲಿರಬೇಕು ಎಂಬುದೂ ಅಷ್ಟೇ ಮುಖ್ಯ. ಇಂಗ್ಲೆಂಡಿನಲ್ಲಿ ಸರ್ಕಾರದ ಪಾಲನೆಯಲ್ಲಿರುವ ಮಕ್ಕಳಿಗಾಗಿ ಪ್ರತಿ ಸರ್ಕಾರಿ ಶಾಲೆಯಲ್ಲೂ ಒಬ್ಬ ನಿಯೋಜಿತ ಶಿಕ್ಷಕರು ಇರಬೇಕೆಂಬ ಕಾನೂನಿದೆ. ಅದರ ಮೇಲೆ ಪ್ರತಿ ಸ್ಥಳೀಯ ಆಡಳಿತದಲ್ಲೂ 'ವರ್ಚುವಲ್ ಸ್ಕೂಲ್ ಹೆಡ್' ಎಂಬ ಅಧಿಕಾರಿ ಇರುತ್ತಾರೆ. ಯಾವ ಕಟ್ಟಡವೂ ಇಲ್ಲದ, ಬೇರೆ ಬೇರೆ ಶಾಲೆಗಳಲ್ಲಿ ಹಂಚಿಹೋದ ಆ ಮಕ್ಕಳೆಲ್ಲರ ಓದಿನ ಮೇಲೆ ಕಣ್ಣಿಡುವ ಮುಖ್ಯೋಪಾಧ್ಯಾಯರು ಅವರು. 2021ರ ಸೆಪ್ಟೆಂಬರಿನಿಂದ ಅವರ ಹೊಣೆಯನ್ನು ಸ್ವಂತ ಮನೆಯಲ್ಲೇ ಇದ್ದು ಸಮಾಜ ಕಾರ್ಯಕರ್ತರ ನಿಗಾದಲ್ಲಿರುವ ಮಕ್ಕಳಿಗೂ ವಿಸ್ತರಿಸಲಾಯಿತು. ಇಂಥ ಮಕ್ಕಳು ಶಾಲೆಗೆ ಸತತವಾಗಿ ಗೈರಾಗುವ ಸಾಧ್ಯತೆ ಉಳಿದವರಿಗಿಂತ ಸುಮಾರು ಮೂರು ಪಟ್ಟು, ಶಾಲೆಯಿಂದ ಶಾಶ್ವತವಾಗಿ ಹೊರಹಾಕಿಸಿಕೊಳ್ಳುವ ಸಾಧ್ಯತೆ ಎರಡರಿಂದ ನಾಲ್ಕು ಪಟ್ಟು ಹೆಚ್ಚು ಎಂಬುದು ಅಲ್ಲಿನ ಶಿಕ್ಷಣ ಇಲಾಖೆಯೇ ಕೊಟ್ಟಿರುವ ಲೆಕ್ಕ. ಸಮಾಜ ಕಾರ್ಯಕರ್ತರು ಬಿಟ್ಟುಹೋದ ಮೇಲೂ ಓದಿನ ಹಿನ್ನಡೆ ಉಳಿದುಕೊಳ್ಳುತ್ತದೆಂಬುದು 2019ರಲ್ಲಿ ಪ್ರಕಟವಾದ ಅವರ ಪರಿಶೀಲನಾ ವರದಿಯ ಮುಖ್ಯ ಮಾತು. ಆ ದೇಶದ ಹಣ, ಆ ದೇಶದ ಹುದ್ದೆಗಳು ನಮ್ಮಲ್ಲಿಲ್ಲ. ನಾನು ಅಲ್ಲಿಂದ ತೆಗೆದುಕೊಳ್ಳಲು ಬಯಸುವುದು ಒಂದೇ ಅಂಶ: ಮಗುವಿನ ವಿಷಯ ಕೇಳಿದರೆ 'ಅದು ನನ್ನ ಕೆಲಸ' ಎನ್ನುವ ಒಬ್ಬರು ಶಾಲೆಯಲ್ಲಿ ಇರಬೇಕು. 2016ರ ಕರ್ನಾಟಕ ರಾಜ್ಯ ಮಕ್ಕಳ ರಕ್ಷಣಾ ನೀತಿಯಡಿ ಶಾಲೆಗಳಲ್ಲಿ ಮಕ್ಕಳ ರಕ್ಷಣಾ ಸಮಿತಿಗಳು ಕಾಗದದ ಮೇಲೆ ರಚನೆಯಾಗಿಯೇ ಇವೆ. ಅದರಲ್ಲಿರುವ ಒಬ್ಬ ಶಿಕ್ಷಕಿಗೋ ಶಿಕ್ಷಕರಿಗೋ ಈ ಹೊಣೆ ವಹಿಸಲು ಹೊಸ ಆದೇಶವೇನೂ ಬೇಡ. ಗಣಿತದ ಮೇಷ್ಟ್ರಾದರೂ ಆಗಬಹುದು, ದೈಹಿಕ ಶಿಕ್ಷಕರಾದರೂ ಆಗಬಹುದು. ನನ್ನ ಅನುಭವದಲ್ಲಿ ಪಿ.ಟಿ. ಮೇಷ್ಟ್ರುಗಳು ಈ ಕೆಲಸವನ್ನು ಬಹಳ ಚೆನ್ನಾಗಿ ಮಾಡುತ್ತಾರೆ, ಮೈದಾನದ ಅಂಚಿನಲ್ಲಿ ನಿಂತಾಗ ಮಕ್ಕಳು ತಾವಾಗಿ ಮಾತನಾಡುವುದು ಅವರೊಡನೆಯೇ.

ಗುಟ್ಟನ್ನು ಕಾಪಾಡುವುದು ಬರೀ ಸೌಜನ್ಯದ ಪ್ರಶ್ನೆ ಎಂದು ಭಾವಿಸುವವರು ಬಾಲನ್ಯಾಯ ಕಾಯ್ದೆಯ 74ನೆಯ ಕಲಮನ್ನು ಓದಬೇಕು. ಪ್ರಕರಣದಲ್ಲಿರುವ ಮಗುವಿನ ಹೆಸರು, ವಿಳಾಸ, ಶಾಲೆ ಅಥವಾ ಗುರುತು ಹಿಡಿಯಲು ನೆರವಾಗುವ ಯಾವುದೇ ವಿವರವನ್ನು ಪತ್ರಿಕೆಯಲ್ಲಾಗಲಿ ಬೇರೆ ಯಾವುದೇ ಸಂವಹನದ ರೂಪದಲ್ಲಾಗಲಿ ಪ್ರಕಟಿಸುವುದಕ್ಕೆ ಆರು ತಿಂಗಳವರೆಗೆ ಸೆರೆ, ಎರಡು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಇವೆ. ನೋಟ್‌ಪುಸ್ತಕ ಹಂಚುವ ದಾನಿಗಳ ಪಕ್ಕದಲ್ಲಿ ನಮ್ಮ ಮಕ್ಕಳನ್ನೇ ಆರಿಸಿ ನಿಲ್ಲಿಸಿ ತೆಗೆದ ಫೋಟೊ ಸಂಜೆಯ ಹೊತ್ತಿಗೆ ಪೋಷಕರ ವಾಟ್ಸ್ಯಾಪ್ ಗುಂಪಿನಲ್ಲಿ ಹರಿದಾಡುವುದನ್ನು ನಾನು ಕಂಡಿದ್ದೇನೆ. ಮಗಳು ಎಲ್ಲಿದ್ದಾಳೆಂದು ಹುಡುಕುತ್ತಿರುವ ಮನುಷ್ಯನಿಗೆ ಸಮವಸ್ತ್ರದ ಬಣ್ಣ, ಹಿಂದಿನ ಗೋಡೆಯ ಮೇಲಿನ ಶಾಲೆಯ ಹೆಸರು ಎರಡೂ ಒಂದೇ ಚಿತ್ರದಲ್ಲಿ ಸಿಗುತ್ತವೆ. 'ಹೋಮ್ ಮಕ್ಕಳು ಎದ್ದು ನಿಲ್ಲಿ' ಎಂಬ ಮಾತು ತರಗತಿಯಲ್ಲಿ ಕೇಳಿಬರುವುದು ಇದಕ್ಕಿಂತ ಚಿಕ್ಕ ವಿಷಯವೆಂದು ತೋರಬಹುದು. ಲೆಕ್ಕ ಹಾಕಲು ಹಾಜರಿ ಪುಸ್ತಕವಿದೆ, ಹತ್ತು ಮಕ್ಕಳನ್ನು ನಲವತ್ತು ಮಕ್ಕಳ ಎದುರು ನಿಲ್ಲಿಸುವ ಅಗತ್ಯ ಯಾವ ಅರ್ಜಿಗೂ ಇರುವುದಿಲ್ಲ.

ಶಿಕ್ಷಕರ ಕೈಯಲ್ಲೇ ಇರುವ, ಒಂದು ರೂಪಾಯಿಯೂ ಖರ್ಚಾಗದ ಬದಲಾವಣೆಗಳು ಪಾಠದೊಳಗೇ ಇವೆ. 'ನನ್ನ ಕುಟುಂಬ' ಎಂಬ ಪ್ರಬಂಧ, ವಂಶವೃಕ್ಷದ ಚಿತ್ರ, ಮಗುವಾಗಿದ್ದಾಗಿನ ಫೋಟೊ ತಂದು ಅಂಟಿಸುವ ಯೋಜನಾ ಕಾರ್ಯ, ತಾಯಂದಿರ ದಿನದ ಕಾರ್ಡು, ಬೇಸಿಗೆ ರಜೆಯಲ್ಲಿ ಅಜ್ಜಿಯ ಊರಿಗೆ ಹೋದ ವರ್ಣನೆ ಇವೆಲ್ಲ ಪ್ರತಿ ವರ್ಷವೂ ಬರುತ್ತವೆ. ಇವನ್ನು ತೆಗೆದುಹಾಕಿ ಎಂದು ನಾನು ಹೇಳುವುದಿಲ್ಲ, ಉಳಿದ ಮಕ್ಕಳಿಗೆ ಅವು ಸಂತೋಷದ ವಿಷಯಗಳು. ವಿಷಯವನ್ನು ಸ್ವಲ್ಪ ಅಗಲ ಮಾಡಿದರೆ ಸಾಕು. 'ನನ್ನನ್ನು ನೋಡಿಕೊಳ್ಳುವವರು' ಎಂದೋ 'ನನಗೆ ಇಷ್ಟವಾದ ಒಬ್ಬ ಹಿರಿಯರು' ಎಂದೋ ಕೊಟ್ಟರೆ ಯಾವ ಮಗುವೂ ಸುಳ್ಳು ಬರೆಯಬೇಕಾಗಿ ಬರುವುದಿಲ್ಲ. ನಮ್ಮ ಮಕ್ಕಳು ಈ ಪ್ರಬಂಧಗಳಲ್ಲಿ ಬರೆಯುವ ಸುಳ್ಳುಗಳು ಎಷ್ಟು ಸೊಗಸಾಗಿರುತ್ತವೆಂದರೆ, ದುಬೈನಲ್ಲಿರುವ ಅಪ್ಪ, ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಅಮ್ಮ ಎಲ್ಲರೂ ಬರುತ್ತಾರೆ, ಹತ್ತಕ್ಕೆ ಒಂಬತ್ತು ಅಂಕವೂ ಬರುತ್ತದೆ, ಆಮೇಲೆ ಗೆಳತಿಯರ ಮುಂದೆ ಆ ಸುಳ್ಳನ್ನು ವರ್ಷಪೂರ್ತಿ ಕಾಪಾಡಿಕೊಂಡು ಬರುವ ಕೆಲಸ ಮಗುವಿನ ಪಾಲಿಗೆ ಉಳಿಯುತ್ತದೆ. ಪೋಷಕರ ಸಭೆಯ ವಿಷಯವೂ ಹಾಗೆಯೇ. 'ಅಪ್ಪ ಅಮ್ಮನನ್ನು ಕರೆದುಕೊಂಡು ಬಾ' ಎನ್ನುವ ಬದಲು 'ಮನೆಯಿಂದ ಯಾರಾದರೂ ಬರಲಿ' ಎಂದು ಇಡೀ ತರಗತಿಗೆ ಹೇಳಬಹುದು. ಆ ದಿನ ಹೋಮಿನ ಅಮ್ಮನೋ, ನಾನೋ, ಸಾಕುತ್ತಿರುವ ಸೋದರತ್ತೆಯೋ ಬಂದಾಗ 'ನೀವು ಯಾರು?' ಎಂದು ಸಾಲಿನಲ್ಲಿ ನಿಂತವರ ಮುಂದೆ ವಿಚಾರಿಸದೆ ಕುಳ್ಳಿರಿಸಿ ಅಂಕಪಟ್ಟಿ ತೋರಿಸಿದರೆ ನಮಗೆ ಅಷ್ಟೇ ಬೇಕಾಗಿರುವುದು.

ಗೈರುಹಾಜರಿಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಯಲಹಂಕದ ಮಗುವೊಂದು ಹೊಸೂರು ರಸ್ತೆಯ ಬಾಲಮಂದಿರದ ಆವರಣಕ್ಕೆ ಹೋಗಿ ಸಮಿತಿಯ ಮುಂದೆ ಹತ್ತು ನಿಮಿಷ ಹಾಜರಾಗಿ ಹಿಂದಿರುಗುವಷ್ಟರಲ್ಲಿ ಬೆಂಗಳೂರಿನ ಸಂಚಾರದಲ್ಲಿ ಒಂದು ಶಾಲಾ ದಿನ ಪೂರ್ತಿ ಕಳೆದಿರುತ್ತದೆ. ಪೋಕ್ಸೊ ಪ್ರಕರಣಗಳಲ್ಲಿ ಮಗುವಿನ ಸಾಕ್ಷ್ಯವನ್ನು ನ್ಯಾಯಾಲಯ ಪ್ರಕರಣವನ್ನು ಗಮನಕ್ಕೆ ತೆಗೆದುಕೊಂಡ 30 ದಿನಗಳಲ್ಲಿ ದಾಖಲಿಸಬೇಕು, ಸಾಧ್ಯವಾದಷ್ಟೂ ಒಂದು ವರ್ಷದೊಳಗೆ ವಿಚಾರಣೆ ಮುಗಿಸಬೇಕು ಎಂದು ಕಾಯ್ದೆ ಹೇಳುತ್ತದೆ, ಆದರೆ ದಿನಾಂಕಗಳು ಮುಂದೆ ಹೋಗುವುದು ಎಲ್ಲರಿಗೂ ತಿಳಿದಿದೆ. ಮುಂದೆ ಹೋದ ಪ್ರತಿ ದಿನಾಂಕಕ್ಕೂ ಒಂದು ರಾತ್ರಿಯ ನಿದ್ದೆ, ಒಂದು ದಿನದ ಪಾಠ ಹೋಗುತ್ತದೆ. ಇಂಥ ದಿನಗಳಲ್ಲಿ ಕಿರುಪರೀಕ್ಷೆ ಇದ್ದರೆ ಬೇರೆ ದಿನ ಬರೆಸುವ ಅಧಿಕಾರ ಶಾಲೆಗಿದೆ, ಬಹಳ ಶಾಲೆಗಳು ಕೇಳಿದರೆ ಮಾಡುತ್ತವೆ. ಕೇಳಬೇಕಾದ ಸ್ಥಿತಿಯೇ ಬರದಂತೆ ಆ ಹಾಳೆಯಲ್ಲಿನ ದಿನಾಂಕಗಳನ್ನು ಮೊದಲೇ ಗುರುತು ಮಾಡಿಟ್ಟುಕೊಂಡ ಶಾಲೆಗಳು ಬೆರಳೆಣಿಕೆಯಷ್ಟು. ಮರುದಿನ ಬಂದ ಮಗುವನ್ನು 'ನಿನ್ನೆ ಎಲ್ಲಿ ಹೋಗಿದ್ದೆ?' ಎಂದು ತರಗತಿಯ ನಡುವೆ ಕೇಳದಿರುವುದು, ತಪ್ಪಿದ ಪಾಠದ ಟಿಪ್ಪಣಿಯನ್ನು ಪಕ್ಕದ ಮಗುವಿನಿಂದ ಮೊದಲೇ ತೆಗೆಸಿಟ್ಟಿರುವುದು ಇವು ಆ ಶಾಲೆಗಳು ತಾವಾಗಿ ರೂಢಿಸಿಕೊಂಡಿರುವ ಕ್ರಮಗಳು. ಮನೆಯವರು ಭಾನುವಾರ ಬಂದು ಭೇಟಿಯಾಗಿ ಹೋಗಿದ್ದರೆ, ಅಥವಾ ಬರುತ್ತೇವೆಂದು ಹೇಳಿ ಬಾರದೆ ಹೋಗಿದ್ದರೆ, ಸೋಮವಾರದ ಮೊದಲ ಎರಡು ಅವಧಿಗಳಲ್ಲಿ ಆ ಮಗುವಿನಿಂದ ಹೆಚ್ಚೇನನ್ನೂ ನಿರೀಕ್ಷಿಸದಿರುವುದು ಜಾಣತನ.

ವರ್ತನೆಯ ವಿಷಯಕ್ಕೆ ಬಂದಾಗ ಶಿಕ್ಷಕರ ತಾಳ್ಮೆ ನಿಜವಾಗಿಯೂ ಪರೀಕ್ಷೆಗೊಳಗಾಗುತ್ತದೆ. ಕೆಲವು ಮಕ್ಕಳು ತರಗತಿಯಲ್ಲಿ ನಿದ್ದೆ ಮಾಡುತ್ತಾರೆ, ಏಕೆಂದರೆ ರಾತ್ರಿ ಮಲಗಲು ಅವರಿಗೆ ಭಯ. ಕೆಲವರು ಬಿಸಿಯೂಟದ ಮೊಟ್ಟೆಯನ್ನು ಚೀಲದಲ್ಲಿ ಬಚ್ಚಿಡುತ್ತಾರೆ, ಎರಡು ದಿನಗಳ ಮೇಲೆ ಇಡೀ ತರಗತಿ ನಾರುತ್ತದೆ. ಕೆಲವರು ಹೊಡೆಯುತ್ತಾರೆ, ಕಚ್ಚುತ್ತಾರೆ, ಕಿಟಕಿ ಹಾರಿ ಓಡುತ್ತಾರೆ. ಅತ್ಯಂತ ಕಷ್ಟದ ಮಗು ಸಾಮಾನ್ಯವಾಗಿ ಯಾರ ಗಮನಕ್ಕೂ ಬಾರದ, ಬಹಳ ಒಳ್ಳೆಯವಳೆಂದು ಹೊಗಳಿಸಿಕೊಳ್ಳುವ, ಒಂದು ಮಾತೂ ಆಡದ ಮಗು. ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ ಎಂಬುದು ಎಲ್ಲ ಶಿಕ್ಷಕರಿಗೂ ಗೊತ್ತು. ಹೊಡೆತ ತಿಂದೇ ಬೆಳೆದ ಮಗುವಿನ ಮೇಲೆ ಬೆತ್ತ ಎತ್ತಿದರೆ ಅದಕ್ಕೆ ಹೊಸದೇನೂ ತಿಳಿಯುವುದಿಲ್ಲ, ಇಲ್ಲಿನವರೂ ಹಾಗೆಯೇ ಎಂಬುದೊಂದು ಖಾತ್ರಿಯಾಗುತ್ತದೆ. ಬೆತ್ತಕ್ಕಿಂತ ನನಗೆ ಹೆಚ್ಚು ಹೆದರಿಕೆಯಿರುವುದು 'ಟಿ.ಸಿ. ಕೊಟ್ಟು ಕಳುಹಿಸುತ್ತೇವೆ' ಎಂಬ ಮಾತಿನ ಬಗ್ಗೆ. ಮನೆಯಿಂದ, ಬಂಧುಗಳಿಂದ, ಒಂದು ಹೋಮಿನಿಂದ ಇನ್ನೊಂದಕ್ಕೆ ಹೀಗೆ ಕಳುಹಿಸಿಕೊಂಡೇ ಬಂದಿರುವ ಮಗುವಿಗೆ ಈ ಬೆದರಿಕೆ ಬೇರೆಯವರಿಗೆ ಕೇಳಿಸುವಂತೆ ಕೇಳಿಸುವುದಿಲ್ಲ. ಅದು ನಿಜವೋ ಎಂದು ನೋಡಲೆಂದೇ ಮರುದಿನ ಇನ್ನೂ ದೊಡ್ಡ ರಾದ್ಧಾಂತ ಮಾಡುತ್ತದೆ. ಮಿತಿ ಹಾಕಬೇಡಿ ಎಂದು ನಾನು ಹೇಳುತ್ತಿಲ್ಲ. ಕಿಟಕಿ ಒಡೆದರೆ ಒಡೆದದ್ದೇ, ಅದನ್ನು ಸರಿಪಡಿಸುವುದರಲ್ಲಿ ಮಗುವಿಗೂ ಒಂದು ಪಾಲಿರಲಿ, ಆದರೆ ನಾಳೆಯೂ ಇದೇ ಬೆಂಚು ನಿನ್ನದು ಎಂಬುದು ಜೊತೆಜೊತೆಗೇ ತಿಳಿಯಲಿ. ತರಗತಿಯ ಮಿತಿಯನ್ನು ಮೀರಿದ ಕಷ್ಟಗಳಿಗೆ ಈ ಊರಿನಲ್ಲಿ ನಿಮ್ಹಾನ್ಸ್ ಇದೆ. ಅಲ್ಲಿನ ಮಕ್ಕಳ ಮನೋವೈದ್ಯ ವಿಭಾಗಕ್ಕೆ ಬೇರೆ ಜಿಲ್ಲೆಗಳವರು ರಾತ್ರಿಯಿಡೀ ಬಸ್ಸಿನಲ್ಲಿ ಕುಳಿತು ಬರುತ್ತಾರೆ, ನಮಗೆ ಅದು ಒಂದು ಸಿಟಿ ಬಸ್ಸಿನ ದೂರ. ಅದೇ ಸಂಸ್ಥೆಯ 'ಸಂವಾದ್' ಕಾರ್ಯಕ್ರಮ ಮಕ್ಕಳ ರಕ್ಷಣೆಯ ಕ್ಷೇತ್ರದಲ್ಲಿರುವವರಿಗೆ ಮಾನಸಿಕ ಆರೋಗ್ಯದ ತರಬೇತಿಯನ್ನೂ ಕೊಡುತ್ತದೆ.

ಒಂದು ದಿನ ಮಗು ತಾನಾಗಿಯೇ ಬಾಯಿಬಿಡಬಹುದು. ಅದು ಆಪ್ತ ಸಮಾಲೋಚಕರ ಕೊಠಡಿಯಲ್ಲಿ ನಡೆಯುವುದು ಕಡಿಮೆ, ನೋಟ್‌ಪುಸ್ತಕ ತಿದ್ದಿಸಿಕೊಳ್ಳುವಾಗಲೋ ಎಲ್ಲರೂ ಹೋದ ಮೇಲೆ ಕಿಟಕಿ ಮುಚ್ಚುವಾಗಲೋ ನಡೆಯುತ್ತದೆ. 'ಯಾರಿಗೂ ಹೇಳಬೇಡಿ ಮಿಸ್' ಎಂದು ಮಗು ಕೇಳಿಕೊಂಡರೆ ಹೇಳುವುದಿಲ್ಲವೆಂದು ಮಾತು ಕೊಡಬಾರದು, ಏಕೆಂದರೆ ಪೋಕ್ಸೊ ಕಾಯ್ದೆಯ 19ನೆಯ ಕಲಮಿನ ಪ್ರಕಾರ ಲೈಂಗಿಕ ದೌರ್ಜನ್ಯದ ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ಆರು ತಿಂಗಳವರೆಗೆ, ತಮ್ಮ ಕೈಕೆಳಗಿನವರ ಕೃತ್ಯವನ್ನು ಸಂಸ್ಥೆಯ ಮುಖ್ಯಸ್ಥರು ಮುಚ್ಚಿಟ್ಟರೆ ಒಂದು ವರ್ಷದವರೆಗೆ ಶಿಕ್ಷೆಯಿದೆ. 'ನಿನಗೆ ಸಹಾಯ ಮಾಡಬಲ್ಲವರಿಗೆ ಮಾತ್ರ ಹೇಳುತ್ತೇನೆ' ಎನ್ನುವುದು ಪ್ರಾಮಾಣಿಕವಾದ ಉತ್ತರ. ಮಗು ಹೇಳಿದ್ದನ್ನು ಅದರದೇ ಮಾತುಗಳಲ್ಲಿ, ದಿನಾಂಕ ಮತ್ತು ಸಮಯದೊಡನೆ ಬರೆದಿಡಿ. ಕೆದಕಿ ಕೇಳಬೇಡಿ, ಮುಖ್ಯ ಶಿಕ್ಷಕರ ಮುಂದೆ ಮತ್ತೊಮ್ಮೆ, ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷರ ಮುಂದೆ ಇನ್ನೊಮ್ಮೆ ಹೇಳಿಸಬೇಡಿ. ಮಕ್ಕಳ ಸಹಾಯವಾಣಿ 1098ಕ್ಕೆ ಯಾವ ಹೊತ್ತಿನಲ್ಲೂ ಕರೆ ಮಾಡಬಹುದು. ಹೇಳಿಕೆ ಪಡೆಯಲು ಬರುವ ಪೊಲೀಸ್ ಅಧಿಕಾರಿ ಸಮವಸ್ತ್ರದಲ್ಲಿ ಇರಬಾರದೆಂದು ಅದೇ ಕಾಯ್ದೆಯ 24ನೆಯ ಕಲಮು ಹೇಳುತ್ತದೆ. ಖಾಕಿ ತೊಟ್ಟು ಶಾಲೆಯ ಅಂಗಳಕ್ಕೆ ಬಂದವರಿಗೆ ಇದನ್ನು ನೆನಪಿಸುವ ಧೈರ್ಯ ಮುಖ್ಯ ಶಿಕ್ಷಕರಿಗೆ ಇರಲಿ.

ನಮ್ಮ ಕಡೆಯ ಕೊರತೆಗಳನ್ನು ಬಿಟ್ಟು ಶಾಲೆಗಳಿಗೆ ಮಾತ್ರ ಬುದ್ಧಿ ಹೇಳುವುದು ನ್ಯಾಯವಲ್ಲ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಕೆಲಸ ಮಾಡುವವರಲ್ಲಿ ಬಹುಪಾಲು ಜನ ಗುತ್ತಿಗೆಯ ಮೇಲಿದ್ದಾರೆ, ಸ್ವಯಂಸೇವಾ ಸಂಸ್ಥೆಗಳಲ್ಲಿ ಯೋಜನೆ ಮುಗಿದರೆ ಹುದ್ದೆಯೂ ಮುಗಿಯುತ್ತದೆ. ಮಗುವಿನ ಅಕ್ಕ ಎಂದು ಶಾಲೆಗೆ ಪರಿಚಯವಾದವರು ಆರು ತಿಂಗಳ ನಂತರ ಫೋನ್ ಎತ್ತುವುದಿಲ್ಲ, ಅವರ ಜಾಗಕ್ಕೆ ಬಂದವರಿಗೆ ಮಗು ಯಾವ ತರಗತಿಯಲ್ಲಿದೆ ಎಂಬುದೂ ತಿಳಿದಿರುವುದಿಲ್ಲ. ಮಗುವನ್ನು ಊರಿಗೆ ಕಳುಹಿಸಿ ವಾರವಾದ ಮೇಲೆ ಶಾಲೆಗೆ ವಿಷಯ ಗೊತ್ತಾಗುವುದೂ ಉಂಟು. ತನ್ನ ತರಗತಿಯ ಮಗು ಏಕಾಏಕಿ ಕಾಣೆಯಾದಾಗ ಆ ಶಿಕ್ಷಕಿಗೆ ಆಗುವ ನೋವನ್ನು ನಮ್ಮ ಯಾವ ನಮೂನೆಯೂ ದಾಖಲಿಸುವುದಿಲ್ಲ. ಶಾಲೆಗಳು ಈ ವಿಷಯದಲ್ಲಿ ತುಸು ಜೋರು ಮಾಡಬೇಕೆಂದು ನನ್ನ ಆಸೆ. ಹೊಸಬರು ಬಂದರೆ ಶಾಲೆಗೆ ಬಂದು ಭೇಟಿಯಾಗಲೇಬೇಕು, ಮಗುವನ್ನು ಕಳುಹಿಸುವ ಮುನ್ನ ಟಿ.ಸಿ. ಮತ್ತು ಅಂಕಪಟ್ಟಿ ಅದರ ಕೈಯಲ್ಲಿರಬೇಕು, ಗೆಳೆಯರಿಗೆ ಹೋಗಿ ಬರುತ್ತೇನೆಂದು ಹೇಳಲು ಒಂದು ದಿನ ಸಿಗಬೇಕು ಎಂದು ಲಿಖಿತವಾಗಿ ಒತ್ತಾಯಿಸಬಹುದು. ಮಗುವಿಗಾಗಿ ಸಿದ್ಧಪಡಿಸುವ ವೈಯಕ್ತಿಕ ಪಾಲನಾ ಯೋಜನೆಯಲ್ಲಿ ಓದಿನ ಭಾಗ ಇದ್ದೇ ಇರುತ್ತದೆ. ಅದನ್ನು ಬರೆಯುವಾಗ ಶಿಕ್ಷಕರನ್ನು ಕೇಳದಿದ್ದರೆ ಅಲ್ಲಿ 'ಓದಿನಲ್ಲಿ ಸಾಧಾರಣ' ಎಂಬ ಎರಡು ಪದಗಳಷ್ಟೇ ಉಳಿಯುತ್ತವೆ.

ಮನೆಯಲ್ಲೇ ಇರುವ ಮಕ್ಕಳ ಮಟ್ಟಿಗೆ ಶಾಲೆಯ ಒಂದು ಚಿಕ್ಕ ಕಾಗದಕ್ಕೆ ಬಹಳ ಬೆಲೆಯಿದೆ. ಮಿಷನ್ ವಾತ್ಸಲ್ಯ ಯೋಜನೆಯ ಪ್ರಾಯೋಜಕತ್ವದಡಿ ಅರ್ಹ ಮಗುವಿಗೆ ತಿಂಗಳಿಗೆ 4000 ರೂಪಾಯಿ ಸಿಗುತ್ತದೆ, ಗಂಡನನ್ನು ಕಳೆದುಕೊಂಡ ತಾಯಿ ಮಗುವನ್ನು ಹೋಮಿಗೆ ಬಿಡದೆ ತನ್ನ ಬಳಿಯೇ ಇಟ್ಟುಕೊಳ್ಳಲು ಈ ಹಣವೇ ಅನೇಕ ಬಾರಿ ಆಧಾರ. ಅದಕ್ಕೆ ಮಗು ಶಾಲೆಗೆ ಹೋಗುತ್ತಿರಬೇಕು, ವ್ಯಾಸಂಗ ಪ್ರಮಾಣ ಪತ್ರ ಬೇಕು. ಮನೆಗೆಲಸಕ್ಕೆ ಹೋಗುವ ತಾಯಿ ಒಂದು ಪ್ರಮಾಣ ಪತ್ರಕ್ಕಾಗಿ ಮೂರು ಬಾರಿ ಶಾಲೆಗೆ ಬಂದರೆ ಮೂರು ದಿನದ ಕೂಲಿ ಹೋಗುತ್ತದೆ. ಕೇಳಿದ ದಿನವೇ ಬರೆದು ಕೊಡುವ ಶಾಲೆ ಆ ಕುಟುಂಬಕ್ಕೆ ಮಾಡುವ ಉಪಕಾರ ಸಣ್ಣದಲ್ಲ.

ಹತ್ತನೆಯ ತರಗತಿಯ ಮಕ್ಕಳ ವಿಷಯದಲ್ಲಿ ಶಾಲೆಗಳು ಇನ್ನೊಂದು ಹೆಜ್ಜೆ ಮುಂದಿಡಬಹುದು. ಜನವರಿಯಲ್ಲಿ ಮಗುವನ್ನು ಸ್ವಂತ ಊರಿಗೆ ಕಳುಹಿಸುವ ಆದೇಶ ಬರುವಂತಿದ್ದರೆ, ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಯುವವರೆಗೆ ಅದನ್ನು ಮುಂದೂಡುವಂತೆ ಮುಖ್ಯ ಶಿಕ್ಷಕರು ಸಮಿತಿಗೆ ಒಂದು ಪತ್ರ ಬರೆಯಬಹುದು. ಮಗುವಿನ ಸುರಕ್ಷತೆಗೆ ಅಡ್ಡಿಯಿಲ್ಲದಿದ್ದರೆ ಇಂಥ ಪತ್ರಗಳಿಗೆ ಸಮಿತಿ ಬೆಲೆ ಕೊಡುವುದನ್ನು ನೋಡಿದ್ದೇನೆ. ಪರೀಕ್ಷೆಯ ನೋಂದಣಿಯಲ್ಲಿ ಹೆಸರಿನ ಕಾಗುಣಿತ, ಹುಟ್ಟಿದ ದಿನಾಂಕ, ತಾಯಿ ತಂದೆಯ ಹೆಸರು ಸಮಿತಿಯ ಆದೇಶದಲ್ಲಿರುವಂತೆಯೇ ಇವೆಯೇ ಎಂದು ಆಗಲೇ ಹೋಲಿಸಿ ನೋಡಿಕೊಳ್ಳಬೇಕು, ಏಕೆಂದರೆ ಮುಂದೆ ಆ ಅಂಕಪಟ್ಟಿಯೇ ಮಗುವಿನ ವಯಸ್ಸಿಗೂ ಗುರುತಿಗೂ ದಾಖಲೆಯಾಗುತ್ತದೆ, ತಿದ್ದಿಸಲು ಓಡಾಡುವ ಅಪ್ಪ ಅಮ್ಮ ಇರುವುದಿಲ್ಲ. ಹದಿನೆಂಟು ತುಂಬಿದ ಮೇಲೆ ಹೋಮಿನಿಂದ ಹೊರಬರುವವರಿಗೆ 21 ವರ್ಷದವರೆಗೆ ಅನುಪಾಲನೆಯ ನೆರವು ಪಡೆಯಲು ಕಾಯ್ದೆಯಲ್ಲಿ ಅವಕಾಶವಿದೆ. ಪಿಯುಸಿಗೆ ಎಲ್ಲಿ, ಐಟಿಐ ಅಥವಾ ಡಿಪ್ಲೊಮಾ ಆದರೆ ಯಾವ ವಿಭಾಗ, ಹಾಸ್ಟೆಲ್ ಎಲ್ಲಿ ಎಂಬ ಮಾತುಕತೆಗೆ ಫಲಿತಾಂಶದ ದಿನದವರೆಗೆ ಕಾಯದೆ ಡಿಸೆಂಬರಿನಲ್ಲೇ ಶಿಕ್ಷಕರು, ಮಗು ಮತ್ತು ನಾವು ಒಂದು ಗಂಟೆ ಕುಳಿತರೆ ಸಾಕಾಗುತ್ತದೆ. ಈ ವರ್ಷ ನಮ್ಮ ಮಕ್ಕಳು ಓದುತ್ತಿರುವ ಶಾಲೆಗಳಿಗೆ ಅದಕ್ಕಾಗಿ ಡಿಸೆಂಬರ್ ಮೊದಲ ವಾರದ ಶನಿವಾರವನ್ನು ಕೇಳಿ ಪತ್ರ ಬರೆದಿದ್ದೇನೆ, ಶನಿವಾರ ಬೆಳಗಿನ ಶಾಲೆಯಾದ್ದರಿಂದ ಮಧ್ಯಾಹ್ನದ ಹೊತ್ತು ಎಲ್ಲರಿಗೂ ಬಿಡುವಿರುತ್ತದೆ.